ಮಗಳ ಇಂಜಿನಿಯರಿಂಗ್ ಶುಲ್ಕ: ಠೇವಣಿ ಮುರಿಯುವುದೋ, ವಿದ್ಯಾಸಾಲ ತೆಗೆಯುವುದೋ?

ಡೊಂಬಿವಲಿ ಫಾಸ್ಟ್

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಕ್ಯಾಪ್‌ನ, ಅಂದರೆ ರಾಜ್ಯದ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆಯ, ಎರಡನೆಯ ಸುತ್ತಿನಲ್ಲಿ ಪುಣೆಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ದೊರೆತಿದೆ. ವರ್ಷಕ್ಕೆ ಬೋಧನಾ ಶುಲ್ಕ 1,60,000 ರೂಪಾಯಿ, ಅಭಿವೃದ್ಧಿ ಶುಲ್ಕ ಮೊದಲಾದವು 20,000, ಒಟ್ಟು 1,80,000. ಹಾಸ್ಟೆಲ್ಲು, ಮೆಸ್ಸುಗಳ ಖರ್ಚನ್ನು ಸಂಬಳದಿಂದ ತಿಂಗಳು ತಿಂಗಳು ಹೇಗೋ ತೂಗಿಸಿಕೊಳ್ಳಬಲ್ಲೆ. ಪ್ರಶ್ನೆ ಇರುವುದು ಶುಲ್ಕದ್ದು ಮಾತ್ರ, ಅದು ನಾಲ್ಕು ವರ್ಷಕ್ಕೆ 7,20,000 ಆಗುತ್ತದೆ.

ಠಾಣೆಯ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನನ್ನ ವಾರ್ಷಿಕ ವರಮಾನ 7,60,000. ಇಪ್ಪತ್ತು ವರ್ಷಗಳಲ್ಲಿ ಕೂಡಿಟ್ಟ 7 ಲಕ್ಷ ರೂಪಾಯಿ ಒಂದು ಸಹಕಾರಿ ಬ್ಯಾಂಕಿನಲ್ಲಿ ಠೇವಣಿಯಾಗಿದೆ. ಇರುವ ಹಣವನ್ನು ಕಟ್ಟಿ ನೆಮ್ಮದಿಯಾಗಿ ನಿದ್ದೆ ಮಾಡೋಣ, ಸಾಲದ ಗೊಡವೆ ಬೇಡ ಎನ್ನುವುದು ನನ್ನ ಹೆಂಡತಿಯ ಮಾತು. ಠೇವಣಿಗೆ ಕೈ ಹಚ್ಚಬೇಡ, ಚಿಕ್ಕವನು ಈಗ ಒಂಬತ್ತನೆಯ ತರಗತಿಯಲ್ಲಿದ್ದಾನೆ, ನಾಳೆ ಅವನ ಸರದಿ ಬಂದಾಗ ಏನು ಮಾಡುತ್ತೀಯ ಎನ್ನುವುದು ಕುಂದಾಪುರದಲ್ಲಿರುವ ಅಣ್ಣನ ಮಾತು. ಇಬ್ಬರ ಮಾತನ್ನು ಕೇಳುವಾಗಲೂ ಅದೇ ಸರಿ ಎನಿಸುತ್ತದೆ. ಹತ್ತು ದಿನಗಳೊಳಗೆ ಮೊದಲ ವರ್ಷದ ಹಣ ಕಟ್ಟಬೇಕಾಗಿದೆ. ಈ ದಾರಿಯಲ್ಲಿ ನಡೆದವರು, ಬ್ಯಾಂಕಿನ ಒಳಗನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮುಲುಂಡ್ ನಿವೃತ್ತ

ಡೊಂಬಿವಲಿಯವರೆ, ಮೊದಲು ಮಗಳಿಗೆ ಅಭಿನಂದನೆ ತಿಳಿಸಿ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿದ್ದವನು ನಾನು; ನಾನು ಸೇರಿದ ಬ್ಯಾಂಕಿನ ಹೆಸರು ವಿಲೀನದ ಗಾಳಿಯಲ್ಲಿ ಅಳಿಸಿಹೋಯಿತು, ಅದು ಬೇರೆ ಕಥೆ. ವಿದ್ಯಾಸಾಲದ ಕಡತಗಳನ್ನು ನೂರಾರು ನೋಡಿದ್ದೇನೆ.

ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ 4 ಲಕ್ಷದವರೆಗಿನ ಸಾಲಕ್ಕೆ ನೀವು ಕೈಯಿಂದ ಹಾಕಬೇಕಾದ ಪಾಲು, ಅಂದರೆ ಮಾರ್ಜಿನ್, ಇರುವುದಿಲ್ಲ. ಅದರ ಮೇಲಾದರೆ ಭಾರತದೊಳಗಿನ ಓದಿಗೆ ನೂರಕ್ಕೆ 5ರಷ್ಟು ನಿಮ್ಮದು. ಸಾಲ ಖಾತರಿ ನಿಧಿಯ ರಕ್ಷಣೆ ಇರುವುದರಿಂದ 7.5 ಲಕ್ಷದವರೆಗೆ ಆಸ್ತಿಯ ಅಡಮಾನವನ್ನಾಗಲಿ ಹೊರಗಿನವರ ಜಾಮೀನನ್ನಾಗಲಿ ಕೇಳುವಂತಿಲ್ಲ. ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಊರಿನ ಜಾಗದ ಆರ್‌ಟಿಸಿ ತನ್ನಿ ಎಂದು ಯಾರಾದರೂ ಹೇಳಿದರೆ ಈ ಮಾತನ್ನು ವಿನಯದಿಂದ ನೆನಪಿಸಿ. ಓದಿನ ಅವಧಿ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಆ ನಂತರ 15 ವರ್ಷಗಳವರೆಗೆ ಕಾಲಾವಕಾಶವಿದೆ.

ಜನರು ಎಡವುವುದು ಈ ಕಂತಿಲ್ಲದ ಐದು ವರ್ಷಗಳಲ್ಲಿ. ಕಂತು ಇಲ್ಲವೆಂದರೆ ಬಡ್ಡಿಯೂ ಇಲ್ಲವೆಂದು ಅನೇಕರು ತಿಳಿದಿರುತ್ತಾರೆ. ಬಡ್ಡಿ ಮೊದಲ ದಿನದಿಂದಲೇ ಬೀಳುತ್ತದೆ, ಸರಳ ಬಡ್ಡಿಯಾಗಿ. ಲೆಕ್ಕ ಸುಲಭವಾಗಲೆಂದು ಮಾರ್ಜಿನ್ನನ್ನು ಬದಿಗಿಟ್ಟು, ಬಡ್ಡಿ ನೂರಕ್ಕೆ 10 ಎಂದು ಹಿಡಿಯೋಣ. ವರ್ಷಕ್ಕೆ 1,80,000ದಂತೆ ನಾಲ್ಕು ಸಲ ಹಣ ತೆಗೆದರೆ, ಐದು ವರ್ಷದ ಕೊನೆಗೆ ಬಡ್ಡಿಯೇ 2,52,000 ಆಗಿ, ಸಾಲ 9,72,000ಕ್ಕೆ ನಿಲ್ಲುತ್ತದೆ. ಹತ್ತು ವರ್ಷದ ಮರುಪಾವತಿಗೆ ತಿಂಗಳ ಕಂತು ಸುಮಾರು 12,845.

ಅದರ ಬದಲು ಬಡ್ಡಿಯನ್ನು ಬಿದ್ದ ಹಾಗೆ ಕಟ್ಟುತ್ತ ಹೋದರೆ ಮೊದಲ ವರ್ಷ ತಿಂಗಳಿಗೆ 1,500, ಎರಡನೆಯ ವರ್ಷ 3,000, ಮೂರನೆಯ ವರ್ಷ 4,500, ಆಮೇಲೆ 6,000 ಬರುತ್ತದೆ. ಐದು ವರ್ಷದ ನಂತರ ಸಾಲ 7,20,000ಕ್ಕೇ ನಿಂತಿರುತ್ತದೆ ಮತ್ತು ಕಂತು 9,515ಕ್ಕೆ ಇಳಿಯುತ್ತದೆ. ಎರಡೂ ದಾರಿಯ ಒಟ್ಟು ಹಣವನ್ನು ಕೂಡಿ ನೋಡಿ: ವ್ಯತ್ಯಾಸ ಸುಮಾರು ಒಂದೂವರೆ ಲಕ್ಷ. ಇದಲ್ಲದೆ, ಓದಿನ ಅವಧಿಯಲ್ಲಿ ಬಡ್ಡಿಯನ್ನು ತಪ್ಪದೆ ಕಟ್ಟಿದವರಿಗೆ ಆ ಅವಧಿಯ ಬಡ್ಡಿದರದಲ್ಲಿ ನೂರಕ್ಕೆ 1ರಷ್ಟು (10 ಇದ್ದರೆ 9 ಆಗುವಂತೆ) ರಿಯಾಯಿತಿ ಕೊಡುವ ಅವಕಾಶವೂ ಯೋಜನೆಯಲ್ಲಿದೆ. ಕೌಂಟರಿನಲ್ಲಿ ಅದನ್ನು ತಾನಾಗಿ ಹೇಳುವವರು ಕಡಿಮೆ. ನಾನೂ ಎಲ್ಲರಿಗೂ ಹೇಳಿದ್ದೆನೆಂದು ಎದೆಮುಟ್ಟಿ ಹೇಳಲಾರೆ.

ಹಾಗಾಗಿ ನನ್ನ ಸಲಹೆ: ಸಾಲ ತೆಗೆಯಿರಿ, ಠೇವಣಿಯನ್ನು ಇರಗೊಡಿ, ಬಡ್ಡಿಯನ್ನು ಮಾತ್ರ ಬೆಳೆಯಲು ಬಿಡಬೇಡಿ.

ರಾತ್ರಿಶಾಲೆ, ಘಾಟ್ಕೋಪರ್

ಮ್ಯಾನೇಜರ್ ಸಾಹೇಬರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಬ್ಯಾಂಕಿನವರು ಸಾಲ ಬೇಡವೆಂದು ಹೇಳಿದ್ದನ್ನು ನಾನು ಇದುವರೆಗೆ ಕೇಳಿಲ್ಲ.

ನಾನು ಹದಿಮೂರನೆಯ ವಯಸ್ಸಿನಲ್ಲಿ ಊರಿನಿಂದ ಬಸ್ಸು ಹತ್ತಿ ಬಂದವನು. ಹಗಲು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಈ ನಗರದಲ್ಲಿ ರಾತ್ರಿಶಾಲೆಗಳನ್ನು ನಡೆಸಿದ್ದರಿಂದ ನನ್ನಂಥ ಎಷ್ಟೋ ಹುಡುಗರು ಅಕ್ಷರ ಕಂಡರು. ಆಮೇಲೆ ಬಿ.ಕಾಂ. ಕೂಡ ಕೆಲಸ ಮಾಡುತ್ತಲೇ ಮುಗಿಸಿದೆ. ಒಂದು ಪೈಸೆ ಸಾಲವಿರಲಿಲ್ಲ. ನನ್ನ ಇಬ್ಬರು ಮಕ್ಕಳ ಶುಲ್ಕವನ್ನೂ ಕೈಯಿಂದಲೇ ಕಟ್ಟಿದೆ. 2014ರಲ್ಲಿ ಹಿರಿಯವನ ಶುಲ್ಕಕ್ಕೆ ಕೈಯಲ್ಲಿದ್ದ ಹಣ ಸಾಕಾಗದೆ ಹೋದಾಗ ಭವಿಷ್ಯನಿಧಿಯಿಂದ ತೆಗೆದೆ. ಏಳು ವರ್ಷ ಸದಸ್ಯನಾಗಿದ್ದವನು ಮಕ್ಕಳ ಓದಿಗಾಗಿ ತನ್ನ ವಂತಿಗೆಯ ಅರ್ಧದವರೆಗೆ ತೆಗೆಯಬಹುದೆಂಬ ನಿಯಮ ಆಗ ಇತ್ತು. ಅದನ್ನು ಯಾರಿಗೂ ಹಿಂದಿರುಗಿಸಬೇಕಾಗಿರಲಿಲ್ಲ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಏಳೆಂಟು ಲಕ್ಷದ ಹೊರೆ ಹೊತ್ತು ಹೊರಬರುವ ಹುಡುಗಿ ತನಗೆ ಬೇಕಾದ ಕೆಲಸವನ್ನು ಹುಡುಕಲಾರಳು, ಮೊದಲು ಸಿಕ್ಕಿದ ಕೆಲಸವನ್ನು ಹಿಡಿಯುತ್ತಾಳೆ. ಆ ಕೆಲಸ ಬೇಡವಾದರೂ ಕಂತಿನ ಹೆದರಿಕೆಯಿಂದ ಬಿಡಲಾರಳು. ಈ ನಷ್ಟ ಯಾವ ಬ್ಯಾಂಕಿನ ಕೋಷ್ಟಕದಲ್ಲಿಯೂ ಕಾಣುವುದಿಲ್ಲ. ಹಣ ಇರುವಾಗ ಕಟ್ಟಿಬಿಡಿ.

ಪಿಂಪ್ರಿಯವಳು

ಹಿರಿಯರ ಬದುಕಿನ ಬಗ್ಗೆ ನನಗೆ ಗೌರವವಿದೆ. ಆದರೆ ಅಣ್ಣನವರೆ, ನೀವು ಓದಿದ ಕಾಲದ ಬಿ.ಕಾಂ. ಶುಲ್ಕವನ್ನು ಕ್ಯಾಂಟೀನಿನ ಸಂಬಳದಲ್ಲಿ ಕಟ್ಟಬಹುದಿತ್ತು, ಇಂದಿನ 1,80,000ವನ್ನು ಯಾವ ಕ್ಯಾಂಟೀನಿನ ಸಂಬಳವೂ ಕಟ್ಟಲಾರದು. ಆ ಹೋಲಿಕೆಯನ್ನು ಬದಿಗಿಡೋಣ.

ನಾನು ಸಾಲದಲ್ಲಿ ಓದಿದವಳು. 2011ರಲ್ಲಿ ಸೇರಿದಾಗ ಅಪ್ಪ ಭೋಸರಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕುಟುಂಬದ ವರಮಾನ ನಾಲ್ಕೂವರೆ ಲಕ್ಷದೊಳಗಿದ್ದರೆ ವೃತ್ತಿಶಿಕ್ಷಣದ ಸಾಲಕ್ಕೆ ಓದಿನ ಅವಧಿಯ ಬಡ್ಡಿಯನ್ನೆಲ್ಲ ಕೇಂದ್ರ ಸರ್ಕಾರವೇ ತುಂಬುವ ಯೋಜನೆ 2009-10ರಿಂದ ಇದೆ. ನಮಗೆ ಅದು ಸಿಗಬೇಕಾಗಿತ್ತು. ಅಪ್ಪ ಪ್ರತಿ ವರ್ಷ ತಹಸೀಲ್ದಾರ ಕಚೇರಿಯಿಂದ ಉತ್ಪನ್ನದ ದಾಖಲೆ, ಅಂದರೆ ವರಮಾನದ ಪ್ರಮಾಣಪತ್ರ, ಮಾಡಿಸಿ ಶಾಖೆಗೆ ಕೊಟ್ಟು ಬರುತ್ತಿದ್ದರು. ಮೂರನೆಯ ವರ್ಷ ನಾನು ಖಾತೆಯ ವಿವರವನ್ನು ತೆಗೆಸಿ ನೋಡಿದಾಗ ಎರಡು ವರ್ಷದ ಬಡ್ಡಿ ನಮ್ಮ ತಲೆಯ ಮೇಲೆಯೇ ಕುಳಿತಿತ್ತು, ಏಕೆಂದರೆ ಆ ಶಾಖೆ ನಮ್ಮ ಬೇಡಿಕೆಯನ್ನು ಮೇಲಕ್ಕೆ ಕಳುಹಿಸಿಯೇ ಇರಲಿಲ್ಲ. ದೂರು ಕೊಟ್ಟ ಮೇಲೆ ಮುಂದಿನ ಎರಡು ವರ್ಷದ್ದು ಜಮೆಯಾಯಿತು. ಹಳೆಯದು ಹೋದದ್ದು ಹೋಯಿತು. ಆದ್ದರಿಂದ ಸಾಲ ತೆಗೆಯುವವರು ಯಾರೇ ಆಗಲಿ, ಆರು ತಿಂಗಳಿಗೊಮ್ಮೆ ವಿವರಪಟ್ಟಿಯನ್ನು ತೆಗೆಸಿ ಸಾಲು ಸಾಲಾಗಿ ಓದಬೇಕು.

ಆದರೆ ಡೊಂಬಿವಲಿಯವರಿಗೆ ನಾನು ಹೇಳಬೇಕೆಂದಿರುವುದು ಬೇರೆ. ನೀವು ಠೇವಣಿ ಮತ್ತು ಸಾಲಗಳ ನಡುವೆ ತೂಗುತ್ತಿರುವ 1,80,000 ನಿಜವಾಗಿ ನೀವು ಕಟ್ಟಬೇಕಾದ ಮೊತ್ತವೇ ಹೌದೇ? ಸೀಟು ಕ್ಯಾಪ್‌ನಿಂದ ಬಂದಿದೆ, ವರಮಾನ 8 ಲಕ್ಷದೊಳಗಿದೆ. ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶುಲ್ಕ ಶಿಷ್ಯವೃತ್ತಿಯಲ್ಲಿ ಸಾಮಾನ್ಯ ವರ್ಗದ ವಿದ್ಯಾರ್ಥಿಗಳಿಗೂ ಬೋಧನಾ ಶುಲ್ಕದ ಅರ್ಧವನ್ನು ಮಹಾರಾಷ್ಟ್ರ ಸರ್ಕಾರ ಭರಿಸುತ್ತದೆ. 2024-25ರಿಂದ ಆರ್ಥಿಕವಾಗಿ ದುರ್ಬಲ, ಸಾಮಾಜಿಕ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ಹಾಗೂ ಇತರ ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳಿಗೆ ಬೋಧನಾ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮನ್ನಾ ಆಗಿದೆ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಓದುವವರಿಗೆ ಇದು ಸಲ್ಲುವುದಿಲ್ಲ. ಅರ್ಜಿಯನ್ನು ರಾಜ್ಯ ಸರ್ಕಾರದ ಮಹಾಡಿಬಿಟಿ ಜಾಲತಾಣದಲ್ಲಿ ಹಾಕಬೇಕು, ಡೊಮಿಸೈಲ್ (ರಾಜ್ಯದ ನಿವಾಸಿ ಎಂಬುದರ) ಮತ್ತು ಉತ್ಪನ್ನದ ದಾಖಲೆಗಳು ಬೇಕು. ನಮ್ಮ ಜನ ಇದನ್ನು ಮರಾಠಿಯವರಿಗಷ್ಟೇ ಎಂದು ತಿಳಿದು ಸುಮ್ಮನಿರುತ್ತಾರೆ. ಡೊಮಿಸೈಲ್ ಪತ್ರದಲ್ಲಿ ಮಾತೃಭಾಷೆಯ ಕಾಲಂ ಇಲ್ಲ.

ಡೊಂಬಿವಲಿ ಫಾಸ್ಟ್

ತಂಗಿ, ಇದು ನನಗೆ ಅರ್ಧಂಬರ್ಧ ಗೊತ್ತಿತ್ತು. ನಾನು 1998ರಿಂದ ಇಲ್ಲಿಯೇ ಇದ್ದೇನೆ, ಮಗಳು ಹುಟ್ಟಿದ್ದೂ ಓದಿದ್ದೂ ಡೊಂಬಿವಲಿಯಲ್ಲಿ, ಆದ್ದರಿಂದ ಡೊಮಿಸೈಲಿಗೆ ಬೇಕಾದ 15 ವರ್ಷದ ವಾಸ್ತವ್ಯಕ್ಕೆ ತೊಂದರೆಯಿಲ್ಲ. ಆದರೆ ನಮ್ಮ ಜಾತಿ ಪ್ರಮಾಣಪತ್ರ ಊರಿನ ತಾಲ್ಲೂಕು ಕಚೇರಿಯದು. ಅದು ಇಲ್ಲಿ ನಡೆಯುವುದಿಲ್ಲವೆಂದು ಸರ್ಕಾರಿ ದಾಖಲೆಗಳನ್ನು ಮಾಡಿಸಿಕೊಡುವ ಸೇತು ಕೇಂದ್ರದಲ್ಲಿ ಹೇಳಿದ್ದರಿಂದ ಎಲ್ಲ ಶಿಷ್ಯವೃತ್ತಿಗಳ ಆಸೆಯನ್ನೂ ಬಿಟ್ಟುಬಿಟ್ಟಿದ್ದೆ. ಮಗಳು ಪ್ರವೇಶ ಪಡೆದಿರುವುದು ಸಾಮಾನ್ಯ ವರ್ಗದಲ್ಲಿಯೇ.

ಪಿಂಪ್ರಿಯವಳು

ಸೇತುವಿನವರು ಹೇಳಿದ್ದು ನಿಜ, ಕರ್ನಾಟಕದ ಜಾತಿ ಪತ್ರದಿಂದ ಇಲ್ಲಿ ಮೀಸಲಾತಿಯ ಸೌಲಭ್ಯ ದೊರೆಯುವುದಿಲ್ಲ. ಆದರೆ ನಾನು ಮೊದಲು ಹೇಳಿದ ಅರ್ಧ ಶುಲ್ಕದ ಯೋಜನೆ ನಿಂತಿರುವುದು ವರಮಾನದ ಮೇಲೆ. ನಾಳೆಯೇ ಕಾಲೇಜಿನ ಶಿಷ್ಯವೃತ್ತಿ ವಿಭಾಗಕ್ಕೆ ಹೋಗಿ. ಮಗಳಿಗೆ ಯಾವುದು ಸಲ್ಲುತ್ತದೆ ಎಂದು ಕೇಳುವುದಷ್ಟೇ ಸಾಲದು, ಪ್ರವೇಶದ ಸಮಯದಲ್ಲಿ ಎಷ್ಟು ಕಟ್ಟಬೇಕು ಎಂಬುದನ್ನೂ ಖಚಿತಪಡಿಸಿಕೊಳ್ಳಿ. ನನ್ನ ಚಿಕ್ಕಪ್ಪನ ಮಗಳಿಗೆ ಒಂದು ಕಾಲೇಜಿನವರು ಪೂರ್ತಿ ಹಣ ಮೊದಲು ಕಟ್ಟಿ, ಸರ್ಕಾರದ್ದು ಬಂದ ಮೇಲೆ ಹಿಂದಿರುಗಿಸುತ್ತೇವೆ ಎಂದಿದ್ದರು. ಹಿಂದಿರುಗಿಸಿದ್ದು ಎರಡು ವರ್ಷದ ನಂತರ, ಅದೂ ಹತ್ತು ಸಲ ಅಲೆದಾಡಿಸಿ.

ಮುಲುಂಡ್ ನಿವೃತ್ತ

ಈ ತಾಯಿ ಹೇಳಿದ್ದು ನನ್ನ ಲೆಕ್ಕವನ್ನೇ ಬದಲಿಸುತ್ತದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ನಾನು ಇಂದು ಬರೆಯಬೇಕೆಂದಿದ್ದುದು ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಬಗ್ಗೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಯಲ್ಲಿ, ರ‍್ಯಾಂಕಿಂಗಿನ ಆಧಾರದ ಮೇಲೆ ಆರಿಸಿದ ಸಂಸ್ಥೆಗಳಲ್ಲಿ ಓದುವವರಿಗೆ ಅಡಮಾನವಿಲ್ಲದ ಸಾಲ ದೊರೆಯುತ್ತದೆ. ಆರಂಭದಲ್ಲಿ ಈ ಪಟ್ಟಿಯಲ್ಲಿದ್ದ ಸಂಸ್ಥೆಗಳು 860. ಕುಟುಂಬದ ವರಮಾನ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಆರಂಭವಾಗುವವರೆಗಿನ ಬಡ್ಡಿದರದಲ್ಲಿ ನೂರಕ್ಕೆ 3ನ್ನು (10 ಇದ್ದರೆ ನಿಮಗೆ ಉಳಿಯುವುದು 7) ಸರ್ಕಾರ ಭರಿಸುತ್ತದೆ. ವರ್ಷಕ್ಕೆ ಇಂತಿಷ್ಟೇ ಹೊಸ ವಿದ್ಯಾರ್ಥಿಗಳಿಗೆ ಎಂಬ ಮಿತಿಯೂ ಇದೆ, ಅದು ಒಂದು ಲಕ್ಷ.

ಆದರೆ ಬೇರೆ ಸರ್ಕಾರಿ ಶಿಷ್ಯವೃತ್ತಿ ಪಡೆಯುವವರಿಗೆ ಈ ಬಡ್ಡಿ ನೆರವು ಇಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕು. ನಿಮ್ಮ 7,20,000ಕ್ಕೆ ಐದು ವರ್ಷಗಳಲ್ಲಿ ಬೀಳುವ 2,52,000 ಬಡ್ಡಿಯಲ್ಲಿ ಈ ನೆರವಿನಿಂದ ಉಳಿಯುವುದು 75,600. ಅರ್ಧ ಬೋಧನಾ ಶುಲ್ಕದ ಯೋಜನೆಯಲ್ಲಿ ವರ್ಷಕ್ಕೆ 80,000ದಂತೆ ನಾಲ್ಕು ವರ್ಷಕ್ಕೆ ಉಳಿಯುವುದು 3,20,000. ಅಳೆದು ಸುರಿದು ನೋಡುವ ಅಗತ್ಯವೇ ಇಲ್ಲ. ದೆಹಲಿಯ ಯೋಜನೆಯ ಹೆಸರು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಿರುವುದರಿಂದ ಜನರು ಅದರ ಹಿಂದೆಯೇ ಓಡುತ್ತಾರೆ, ನಾನೂ ಓಡುತ್ತಿದ್ದೆ.

ವಾಸ್ಕೋ ಬೈನಾ

ಗೋವೆಯ ಮಾತನ್ನೂ ಸೇರಿಸುತ್ತೇನೆ, ಇದೇ ಪ್ರಶ್ನೆ ಇಲ್ಲಿನ ಕನ್ನಡಿಗರ ಮನೆಗಳಲ್ಲಿಯೂ ಇದೆ. ಇಲ್ಲಿ ಗೋವಾ ಶಿಕ್ಷಣ ಅಭಿವೃದ್ಧಿ ನಿಗಮದಿಂದ ಬಡ್ಡಿಯಿಲ್ಲದ ವಿದ್ಯಾಸಾಲ ದೊರೆಯುತ್ತದೆ. ಬಡ್ಡಿಯೇ ಇಲ್ಲದಿರುವಾಗ ಠೇವಣಿ ಮುರಿಯುವವನು ಲೆಕ್ಕ ಬಾರದವನು ಎನ್ನಬೇಕಾಗುತ್ತದೆ. ಆದರೆ ಗೋವೆಯಲ್ಲಿ ಇಂತಿಷ್ಟು ವರ್ಷ ನೆಲೆಸಿದ್ದೇವೆಂದು ತೋರಿಸುವ ವಾಸ್ತವ್ಯದ ದಾಖಲೆಯಲ್ಲಿಯೇ ನಮ್ಮವರು ಸಿಕ್ಕಿಬೀಳುತ್ತಾರೆ. ವಿಜಯಪುರ, ಬಾಗಲಕೋಟೆಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಇಪ್ಪತ್ತೈದು ವರ್ಷ ಇಲ್ಲಿಯೇ ದುಡಿದಿದ್ದರೂ ಬಾಡಿಗೆ ಕರಾರು ಇರುವುದಿಲ್ಲ, ರೇಷನ್ ಕಾರ್ಡು ಊರಿನಲ್ಲಿಯೇ ಉಳಿದಿರುತ್ತದೆ, ಮತದಾನಕ್ಕೂ ಊರಿಗೇ ಹೋಗುತ್ತಾರೆ. ಮಕ್ಕಳು ಹನ್ನೆರಡನೆಯ ತರಗತಿಗೆ ಬಂದಾಗ ದಾಖಲೆ ಹುಡುಕತೊಡಗಿದರೆ ಏನೂ ಸಿಗುವುದಿಲ್ಲ. ಮಗುವನ್ನು ಒಂದನೆಯ ತರಗತಿಗೆ ಸೇರಿಸುವಾಗಲೇ ದಾಖಲೆಯ ಕಡತವನ್ನೂ ಆರಂಭಿಸಿ ಎಂದು ನಾನು ನಮ್ಮ ಓಣಿಯಲ್ಲಿ ಎಲ್ಲರಿಗೂ ಹೇಳುತ್ತಿರುತ್ತೇನೆ.

ಚೆಂಬೂರು ಲೆಕ್ಕಿಗ

ಲೆಕ್ಕಪರಿಶೋಧಕನಾಗಿ ಮೂರು ಮಾತು ಹೇಳುತ್ತೇನೆ, ಮೂರನೆಯದೇ ಮುಖ್ಯವಾದದ್ದು.

ವಿದ್ಯಾಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆಯಲ್ಲ, ಅದಕ್ಕಾದರೂ ಸಾಲ ತೆಗೆಯಬೇಕು ಎಂದು ಸಲಹೆ ಕೊಡುವವರು ಬಹಳ ಮಂದಿ. 80ಇ ಎಂದು ನಾವು ಕರೆಯುತ್ತ ಬಂದ ಈ ವಿನಾಯಿತಿಗೆ ಮೊತ್ತದ ಮಿತಿಯಿಲ್ಲ ಮತ್ತು ಅದು ಎಂಟು ವರ್ಷಗಳವರೆಗೆ ದೊರೆಯುತ್ತದೆ ಎಂಬುದು ನಿಜ. ಆದರೆ ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಇದೆ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ವರಮಾನಕ್ಕೆ ತೆರಿಗೆಯೇ ಬರುವುದಿಲ್ಲ. 7,60,000 ವರಮಾನದ ನಿಮಗೆ ಕಟ್ಟಬೇಕಾದ ತೆರಿಗೆಯೇ ಇಲ್ಲದಿರುವಾಗ ವಿನಾಯಿತಿಯಿಂದ ಏನು ಸಿಕ್ಕೀತು? ಆ ಕಾರಣವನ್ನು ನಿಮ್ಮ ತಕ್ಕಡಿಯಿಂದ ತೆಗೆದುಬಿಡಿ.

ಠೇವಣಿಗೆ ನೂರಕ್ಕೆ 7 ಬರುತ್ತಿದೆ, ಸಾಲಕ್ಕೆ 10 ಕೊಡುತ್ತೀರಿ ಎಂದುಕೊಂಡರೆ, ಠೇವಣಿಯನ್ನು ಉಳಿಸಿಕೊಂಡು ಸಾಲ ತೆಗೆಯುವುದಕ್ಕೆ ಲಕ್ಷಕ್ಕೆ ವರ್ಷಕ್ಕೆ 3,000 ರೂಪಾಯಿ ತೆರುತ್ತೀರಿ. ಅದನ್ನು ನಷ್ಟ ಎನ್ನುವುದಕ್ಕಿಂತ, ಕಷ್ಟಕಾಲಕ್ಕೆ ಹಣ ಕೈಗೆ ಸಿಗುವಂತೆ ಇಟ್ಟುಕೊಂಡದ್ದರ ಬಾಡಿಗೆ ಎನ್ನಬಹುದು. ಘಾಟ್ಕೋಪರಿನ ಹಿರಿಯರು ಕೈಯಿಂದಲೇ ಕಟ್ಟಿ ಎನ್ನುತ್ತಾರೆ. ಆದರೆ ಕೂಡಿಟ್ಟದ್ದೆಲ್ಲ ಶುಲ್ಕಕ್ಕೆ ಹೋದ ಮೇಲೆ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಆಗ ತೆಗೆಯಬೇಕಾದ ವೈಯಕ್ತಿಕ ಸಾಲದ ಬಡ್ಡಿ ವಿದ್ಯಾಸಾಲದ ಬಡ್ಡಿಗಿಂತ ಎಷ್ಟೋ ಹೆಚ್ಚಿರುತ್ತದೆ. ಐವತ್ತರ ಹತ್ತಿರವಿರುವ ತಂದೆಗೆ ಬ್ಯಾಂಕು ಅಗ್ಗದ ಸಾಲ ಕೊಡುವುದಿಲ್ಲ, ಹದಿನೆಂಟರ ವಿದ್ಯಾರ್ಥಿನಿಗೆ ಕೊಡುತ್ತದೆ. ಅಗ್ಗದ ಸಾಲ ಸಿಗುವ ಜಾಗದಲ್ಲಿ ಅದನ್ನು ತೆಗೆದುಕೊಳ್ಳಬೇಕು.

ಇನ್ನು ಮೂರನೆಯದು, ಯಾರೂ ಗಮನಿಸದೆ ಬಿಟ್ಟದ್ದು. 7 ಲಕ್ಷವೂ ಒಂದೇ ಸಹಕಾರಿ ಬ್ಯಾಂಕಿನಲ್ಲಿದೆ ಎಂದಿರಿ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಠೇವಣಿ ವಿಮೆ ಇರುವುದು ಅಸಲು ಬಡ್ಡಿ ಸೇರಿ 5 ಲಕ್ಷಕ್ಕೆ ಮಾತ್ರ. 2019ರಲ್ಲಿ ಮುಂಬಯಿಯ ಒಂದು ಸಹಕಾರಿ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ನನ್ನ ಕಕ್ಷಿದಾರರೊಬ್ಬರ ಮಗನ ಶುಲ್ಕದ ಹಣ ಅದರೊಳಗೇ ಸಿಕ್ಕಿಕೊಂಡಿತು. ಎರಡು ಲಕ್ಷವನ್ನಾದರೂ ಬೇರೆ ಬ್ಯಾಂಕಿಗೆ ಸಾಗಿಸಿ. ಹತ್ತು ದಿನದ ಗಡುವಿಗೆ ಠೇವಣಿಯನ್ನು ಮುರಿಯಬೇಡಿ. ಅದರ ಮೇಲೆಯೇ ಓವರ್‌ಡ್ರಾಫ್ಟ್, ಅಂದರೆ ಠೇವಣಿಯನ್ನೇ ಆಧಾರವಾಗಿಟ್ಟು ಬೇಕಾದಷ್ಟು ಕೈಸಾಲ, ತೆಗೆಯಿರಿ, ಸಾಮಾನ್ಯವಾಗಿ ಠೇವಣಿಯ ಬಡ್ಡಿಗಿಂತ ನೂರಕ್ಕೆ ಒಂದೆರಡರಷ್ಟು ಮಾತ್ರ ಹೆಚ್ಚು ಕೊಡಬೇಕಾಗುತ್ತದೆ.

ಡೊಂಬಿವಲಿ ಫಾಸ್ಟ್

ಎಲ್ಲರಿಗೂ ಕೃತಜ್ಞ. ಇಂದು ಕಾಲೇಜಿಗೆ ಹೋದಾಗ ಬಾಗಿಲಲ್ಲಿಯೇ ಮೇಜು ಹಾಕಿಕೊಂಡಿದ್ದ ಒಂದು ಫೈನಾನ್ಸ್ ಕಂಪನಿಯವರು ಹತ್ತು ನಿಮಿಷದಲ್ಲಿ ಶುಲ್ಕದ ಸಾಲ, ಬಡ್ಡಿಯೇ ಇಲ್ಲ, ಹನ್ನೆರಡು ಕಂತು ಎಂದರು. ಪ್ರಾಸೆಸಿಂಗ್ ಶುಲ್ಕ ಮಾತ್ರ ಇದೆಯಂತೆ. ಮನಸ್ಸು ಒಂದು ಕ್ಷಣ ಆಡಿತು. ಇನ್ನೊಂದು ವಿಷಯ, ನನ್ನ ಸಂಬಳದ ಖಾತೆ ಇರುವ ಶಾಖೆಯಲ್ಲಿ ಕಾಲೇಜು ಪುಣೆಯಲ್ಲಿದೆ, ಅಲ್ಲಿಯೇ ಸಾಲ ಕೇಳಿ ಎಂದು ಕಳುಹಿಸಿಬಿಟ್ಟರು.

ಮುಲುಂಡ್ ನಿವೃತ್ತ

ಆ ಮೇಜಿನ ಕಡೆಗೆ ಇನ್ನೊಮ್ಮೆ ನೋಡಬೇಡಿ. ಬಡ್ಡಿಯಿಲ್ಲದೆ ಹಣ ಕೊಡುವವನು ಅದನ್ನು ಎಲ್ಲಿಂದಲೋ ವಸೂಲು ಮಾಡಿಕೊಳ್ಳುತ್ತಾನೆ. ವರ್ಷದೊಳಗೆ 1,80,000ವನ್ನು ಹನ್ನೆರಡು ಭಾಗ ಮಾಡಿದರೆ ತಿಂಗಳಿಗೆ 15,000 ಬರುತ್ತದೆ. ಹಾಸ್ಟೆಲ್ಲಿನ ಖರ್ಚಿನ ಜೊತೆಗೆ ಅದು ನಿಮ್ಮ ಸಂಬಳಕ್ಕೆ ಹೊರಲಾರದ ಭಾರ. ಎರಡು ಕಂತು ತಪ್ಪಿದರೆ ನಿಮ್ಮ ಸಿಬಿಲ್ ಅಂಕ ಕೆಡುತ್ತದೆ, ಮುಂದಿನ ವರ್ಷ ಬ್ಯಾಂಕು ವಿದ್ಯಾಸಾಲಕ್ಕೂ ಹಿಂಜರಿಯುತ್ತದೆ.

ಇನ್ನು ಶಾಖೆಯ ವಿಷಯ. ಮನೆಯ ಹತ್ತಿರದ ಶಾಖೆಯಲ್ಲಿ ಸಾಲ ಕೇಳುವುದು ಸರಿಯಾದ ಕ್ರಮವೇ, ತಮ್ಮ ವ್ಯಾಪ್ತಿಯಲ್ಲಿಲ್ಲ ಎಂಬ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಿಳಿಸಿದೆ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನಲ್ಲಿ ಇಲ್ಲ ಎನ್ನುತ್ತಾರೆ, ಅದಕ್ಕೆ ದಾಖಲೆ ಉಳಿಯುವುದಿಲ್ಲ. 2015ರಿಂದ ಇರುವ ವಿದ್ಯಾಲಕ್ಷ್ಮಿ ಜಾಲತಾಣದಲ್ಲಿ ಅರ್ಜಿ ಹಾಕಿ, ಅದರ ಸಂಖ್ಯೆಯನ್ನು ಹಿಡಿದು ಶಾಖೆಗೆ ಹೋಗಿ. ಅರ್ಜಿಯನ್ನು ತಿರಸ್ಕರಿಸಬೇಕಾದರೆ ಶಾಖೆಯ ಮ್ಯಾನೇಜರ್ ತನ್ನ ಮೇಲಿನವರ ಒಪ್ಪಿಗೆ ಪಡೆಯಬೇಕು. ಯಾವ ಮ್ಯಾನೇಜರೂ ಹಾಗೆ ಪತ್ರ ಬರೆದು ಒಪ್ಪಿಗೆ ಕೇಳಲು ಇಷ್ಟಪಡುವುದಿಲ್ಲ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಮಂಜೂರಾತಿಯನ್ನು ನಾಲ್ಕೂ ವರ್ಷದ ಪೂರ್ತಿ ಶುಲ್ಕಕ್ಕೆ ಕೇಳಿ, ಹಣವನ್ನು ಮಾತ್ರ ವರ್ಷವರ್ಷ ಬೇಕಾದಷ್ಟೇ ತೆಗೆಯಿರಿ. ತೆಗೆಯದ ಹಣಕ್ಕೆ ಬಡ್ಡಿಯಿಲ್ಲ. ಶಿಷ್ಯವೃತ್ತಿ ಒಂದು ವರ್ಷ ತಪ್ಪಿದರೂ ಮಗಳ ಓದು ನಿಲ್ಲದಿರಲಿ.

ಮೂರನೇ ವರ್ಷ

ನಾನು ಪುಣೆಯಲ್ಲಿ ಓದುತ್ತಿರುವ ವಿದ್ಯಾರ್ಥಿನಿ, ಇಲ್ಲಿ ಬರೆಯುವುದು ಇದೇ ಮೊದಲು. ಎಲ್ಲ ಹಿರಿಯರೂ ಅಪ್ಪನ ಠೇವಣಿ, ಅಪ್ಪನ ವರಮಾನ, ಅಪ್ಪನ ನಿದ್ದೆಯ ಬಗ್ಗೆ ಬರೆದಿದ್ದೀರಿ. ವಿದ್ಯಾಸಾಲದಲ್ಲಿ ಮೊದಲ ಸಾಲಗಾರಳು ಮಗಳು. ಮುಂದೆ ಕಂತು ಕಟ್ಟುವವಳೂ ಅವಳು. ಅವಳನ್ನು ಕೇಳಿದ್ದೀರಾ? ನನ್ನ ಸಾಲದ ಕಾಗದಕ್ಕೆ ನಾನು ಸಹಿ ಹಾಕಿದ್ದು ಬ್ಯಾಂಕಿನಲ್ಲಿ ನಿಂತುಕೊಂಡು, ಬಾಣದ ಗುರುತು ಹಾಕಿದ ಕಡೆಗಳಲ್ಲಿ. ಬಡ್ಡಿ ಎಷ್ಟೆಂದು ನನಗೆ ತಿಳಿದದ್ದು ಎರಡು ವರ್ಷದ ನಂತರ. ತಿಳಿದ ಮೇಲೆ ನಾನು ತಿಂಗಳಿಗೆ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬಡ್ಡಿಯ ಒಂದು ಭಾಗವನ್ನು ಕಟ್ಟುತ್ತಿದ್ದೇನೆ. ಮೊದಲೇ ಹೇಳಿದ್ದರೆ ಮೊದಲೇ ಆರಂಭಿಸುತ್ತಿದ್ದೆ.

ರಾತ್ರಿಶಾಲೆ, ಘಾಟ್ಕೋಪರ್

ಈ ಮಗುವಿನ ಮಾತು ನನಗೂ ತಾಗಿತು. ಅರ್ಧ ಶುಲ್ಕ ಸರ್ಕಾರದ್ದು, ಉಳಿದ ಅರ್ಧದ ಬಡ್ಡಿಯನ್ನು ಅಂದಂದೇ ತೀರಿಸುವುದು ಎಂದಾದರೆ ನನ್ನ ವಿರೋಧ ಮುಕ್ಕಾಲು ಭಾಗ ಇಳಿಯುತ್ತದೆ. ಕಾಲು ಭಾಗ ಉಳಿದೇ ಇರುತ್ತದೆ.

ಡೊಂಬಿವಲಿಯವರೆ, ಒಂದು ಪ್ರಶ್ನೆ. ನಿಮ್ಮ ತಂದೆಯವರು ಮುಂಬಯಿಯಲ್ಲಿ ಇದ್ದರೇ? ಇತರ ಹಿಂದುಳಿದ ವರ್ಗದ ಪ್ರಮಾಣಪತ್ರವನ್ನು ಮಹಾರಾಷ್ಟ್ರದಲ್ಲಿ ಪಡೆಯಬೇಕಾದರೆ ಕುಟುಂಬವು 1967ರ ಅಕ್ಟೋಬರ್ 13ಕ್ಕಿಂತ ಮೊದಲೇ ಈ ರಾಜ್ಯದಲ್ಲಿ ನೆಲೆಸಿತ್ತೆಂದು ತೋರಿಸಬೇಕು, ಮತ್ತು ನಿಮ್ಮ ಜಾತಿ ಇಲ್ಲಿನ ಪಟ್ಟಿಯಲ್ಲಿರಬೇಕು. ನಮ್ಮ ಹೋಟೆಲ್ ಪೀಳಿಗೆಯವರ ಬಳಿ ಮನೆಯ ದಾಖಲೆ ಇರುವುದಿಲ್ಲ, ಮಲಗುತ್ತಿದ್ದುದೇ ಹೋಟೆಲಿನ ಮೇಜಿನ ಮೇಲೆ. ಆದರೆ ರಾತ್ರಿಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು, ಊರು, ಜಾತಿ, ತಾರೀಖು ಎಲ್ಲವೂ ಇರುತ್ತಿತ್ತು. ನನ್ನ ತಮ್ಮನ ಮೊಮ್ಮಗನ ಕೆಲಸ ಆದದ್ದು ಅಂಥದೊಂದು ಶಾಲೆ ಬಿಟ್ಟ ಪ್ರಮಾಣಪತ್ರದಿಂದ.

ಡೊಂಬಿವಲಿ ಫಾಸ್ಟ್

ಐದು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ.

ಕಾಲೇಜಿನ ಶಿಷ್ಯವೃತ್ತಿ ವಿಭಾಗದವರು ಸಾಮಾನ್ಯ ವರ್ಗದ ಅರ್ಧ ಶುಲ್ಕದ ಯೋಜನೆಯಡಿ ಅರ್ಜಿ ಹಾಕಿಸಿದರು. ಪ್ರವೇಶದ ದಿನ 1,00,000 ಕಟ್ಟಿಸಿಕೊಂಡು, ಮಿಕ್ಕ 80,000ಕ್ಕೆ ಅರ್ಜಿ ತಿರಸ್ಕಾರವಾದರೆ ಕಟ್ಟುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡರು. ಆ ಒಂದು ಲಕ್ಷವನ್ನು ಚೆಂಬೂರಿನವರು ಹೇಳಿದಂತೆ ಠೇವಣಿಯ ಮೇಲಿನ ಓವರ್‌ಡ್ರಾಫ್ಟಿನಿಂದ ಕಟ್ಟಿದೆ. ಅರ್ಜಿ ಸಂಖ್ಯೆ ಹಿಡಿದು ಅದೇ ಶಾಖೆಗೆ ಹೋದಾಗ ಮಾತಿನ ಧಾಟಿ ಬದಲಾಗಿತ್ತು. ಹತ್ತೊಂಬತ್ತನೆಯ ದಿನ ಮಂಜೂರಾತಿ ಪತ್ರ ಬಂತು, ಮಾರ್ಜಿನ್ ಕಳೆದು 6,84,000ಕ್ಕೆ. ಮೊದಲ ವರ್ಷದ ರಸೀದಿ ತೋರಿಸಿದಾಗ ನನ್ನ ಪಾಲಿನ 5,000 ಬಿಟ್ಟು 95,000 ನನ್ನ ಖಾತೆಗೆ ಮರಳಿತು, ಓವರ್‌ಡ್ರಾಫ್ಟ್ ತೀರಿತು. ಈಗ ತಿಂಗಳ ಬಡ್ಡಿ ಎಂಟುನೂರು ಚಿಲ್ಲರೆ. ಎರಡು ಲಕ್ಷವನ್ನು ಮಾತ್ರ ಅವಧಿಗೆ ಮೊದಲೇ ತೆಗೆದು ರಾಷ್ಟ್ರೀಕೃತ ಬ್ಯಾಂಕಿಗೆ ಸಾಗಿಸಿದ್ದೇನೆ, ಅದಕ್ಕೆ ಸ್ವಲ್ಪ ದಂಡ ತೆತ್ತೆ.

ಸಹಿ ಹಾಕುವ ಮೊದಲು ಮಗಳನ್ನು ಕೂರಿಸಿಕೊಂಡು ಮ್ಯಾನೇಜರ್ ಸಾಹೇಬರ ಎರಡೂ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, ಮೊದಲ ಎರಡು ವರ್ಷದ ಬಡ್ಡಿ ನೀವು ಕಟ್ಟಿ, ಆಮೇಲಿನದು ನನ್ನದು ಎಂದಳು. ಹೆಂಡತಿಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ.

ಘಾಟ್ಕೋಪರಿನ ಹಿರಿಯರ ಪ್ರಶ್ನೆಗೆ ಉತ್ತರ: ನನ್ನ ತಂದೆ 1958ರಿಂದ ಹದಿನಾರು ವರ್ಷ ಫೋರ್ಟಿನ ಹೋಟೆಲುಗಳಲ್ಲಿದ್ದು, ಆಮೇಲೆ ಊರಿಗೆ ಹಿಂದಿರುಗಿದವರು. ಅಣ್ಣ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಹುಡುಕಿದಾಗ, ಮಡಿಕೆಯಲ್ಲಿ ಹರಿದಿದ್ದ ರಾತ್ರಿಶಾಲೆಯ ಪ್ರಮಾಣಪತ್ರ ಸಿಕ್ಕಿತು. ತಾರೀಖು 1964ರ ಜೂನ್. ಮಗಳ ಪ್ರವೇಶ ಸಾಮಾನ್ಯ ವರ್ಗದಲ್ಲಿ ಆಗಿಹೋಗಿರುವುದರಿಂದ ಈ ವರ್ಷ ಅದರಿಂದ ಪ್ರಯೋಜನವಿಲ್ಲ. ಚಿಕ್ಕವನು ಹನ್ನೆರಡನೆಯ ತರಗತಿಗೆ ಬರಲು ಇನ್ನೂ ಮೂರು ವರ್ಷವಿದೆ. ಆ ಶಾಲೆಯ ಹಳೆಯ ಹಾಜರಿ ಪುಸ್ತಕಗಳು ಈಗ ಯಾರ ಬಳಿ ಇವೆ ಎಂಬುದು ಗೊತ್ತಿದ್ದವರು ದಯವಿಟ್ಟು ತಿಳಿಸಿ, ಮುಂದಿನ ಶನಿವಾರ ನನಗೆ ರಜೆ ಇದೆ.